ಟೀಚರ್ ವಾಕಿಂಗ್ ಹೋಗಿದ್ದಾರೆ

ಅವರ ಹಿಮ್ಮಡಿ ಒಡೆದು ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು. ಪಾದದ ಮೇಲೆ ಚಪ್ಪಲಿ ಪಟ್ಟಿಯಷ್ಟಗಲ ಮಾತ್ರ ಬಿಳುಪು, ಉಳಿದದ್ದೆಲ್ಲ ಬಿಸಿಲಿಗೆ ಸುಟ್ಟ ಬಣ್ಣ. ಇಂಗ್ಲೆಂಡಿನ ನಮ್ಮ ಸೊಲಿಹಲ್‌ನ ಚಳಿಗೂ ಆ ಗುರುತು ಮಾಸಲಿಲ್ಲ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯವರು. ಸುಡಾನಿನ ರಾಜಧಾನಿ ಖಾರ್ಟೂಮಿನ ಶಾಲೆಯೊಂದರಲ್ಲಿ ಅರ್ಧ ಆಯುಷ್ಯ ಗಣಿತ ಕಲಿಸಿದ್ದರು. ಅಲ್ಲಿ ಯುದ್ಧ ಶುರುವಾದ ಮೇಲೆ ನಮ್ಮ ಪಕ್ಕದ ಮನೆಯಲ್ಲಿದ್ದ ಮಗಳ ಹತ್ತಿರ ಬಂದು ಸೇರಿದರು.

ನಮ್ಮ ರಸ್ತೆಯವರು ಹಾಲು ತರುವುದಕ್ಕೂ ಕಾರು ತೆಗೆಯುವ ಜನ. ಟೀಚರ್ ಮಾತ್ರ ಡಾಕ್ಟರ ಹತ್ತಿರಕ್ಕೂ ನಡಿಗೆ, ದೇವಸ್ಥಾನಕ್ಕೂ ನಡಿಗೆ. ಒಮ್ಮೆ ಜಿಟಿಜಿಟಿ ಮಳೆಯಲ್ಲಿ ಕಾರು ನಿಲ್ಲಿಸಿ, "ಹತ್ತಿ ಟೀಚರ್, ನೆಗಡಿ ಆಗುತ್ತೆ" ಎಂದೆ.

"ನೀನೇ ಇಳಿ ಮಾರಾಯ್ತಿ. ಕೂತುಕೊಂಡು ನೋಡಿದ ಊರು ಒಂದು ಊರಾ?" ಎಂದು ನನ್ನ ಮೇಲೇ ಹರಿಹಾಯ್ದರು.

ಇಳಿದೆ, ಏನು ಮಾಡೋದು! ಆಮೇಲೆ ಪ್ರತಿ ಭಾನುವಾರ ಕಾಲುವೆ ದಂಡೆಯಲ್ಲಿ ಅವರ ಹಿಂದೆ ಏದುಸಿರು ಬಿಡುತ್ತಾ ಹೋಗುವುದು ನನ್ನ ಪಾಲಿಗೆ ಬಂತು. ಮೊದಮೊದಲು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಆಮೇಲೆ ಶನಿವಾರವೇ ಶೂ ಒರೆಸಿಡುವಷ್ಟು ಹುಚ್ಚು ಹತ್ತಿತು.

ಕಾಲು ಇಲ್ಲಿ, ಮಾತೆಲ್ಲ ಖಾರ್ಟೂಮಿನದು. "ಎರಡು ನೈಲ್ ನದಿ ಸೇರುವಲ್ಲಿ ಎಲ್ಲರೂ ಫೋಟೊ ತೆಗೆದು ವಾಪಸ್ ಹೋಗ್ತಾರೆ. ಅಲ್ಲಿಂದ ಮುಂದೆ ಹೋಗುದು ಯಾರು? ಸೇತುವೆ ದಾಟಿದರೆ ಹೊಳೆ ಬದಿಯಲ್ಲಿ ಕುಂಬಾರರು ಮಡಕೆ ಒಣಗಿಸ್ತಾರೆ. ಇನ್ನೂ ನಡೆದರೆ ದೋಣಿ ಕಟ್ಟುವವರು. ಮರ ಕೆತ್ತಲಿಕ್ಕೆ ನಮ್ಮ ಮಲ್ಪೆಯದ್ದೇ ಬಾಚಿ, ಅದೇ ಟಕಟಕ! ನಡುಗಡ್ಡೆಯಲ್ಲಿ ನಿಂಬೆ ತೋಟ ಉಂಟು, ಪರಿಮಳಕ್ಕೇ ಹೊಟ್ಟೆ ತುಂಬುದು" ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಊರಿನ ದೊಡ್ಡ ಕಟ್ಟಡದ ಹೆಸರು ನಾನು ಒಂದೂ ಕೇಳಲಿಲ್ಲ.

ಈ ತಿರುಗಾಟದಲ್ಲಿ ಅವರಿಗೆ ಒಬ್ಬ ಜೊತೆಗಾತಿ ಇದ್ದಳು. ನೈಲ್ ದಂಡೆಯ ಬೇವಿನ ಮರದಡಿ ಇದ್ದಿಲ ಒಲೆ ಹೂಡಿ ಚಹಾ ಮಾರುವ ಹೆಂಗಸು, ಪರದೇಶದ ಗಿರಾಕಿಗಳಿಂದ ಅಷ್ಟಿಷ್ಟು ಇಂಗ್ಲಿಷ್ ಕಲಿತವಳು. ಶುಕ್ರವಾರ ಬೆಳಿಗ್ಗೆ ಶಾಲೆಗೆ ರಜೆ, ಅವಳಿಗೂ ವ್ಯಾಪಾರವಿಲ್ಲ. ಇಬ್ಬರೂ ಕಾಲು ಸೋಲುವ ತನಕ ಊರು ಅಲೆಯುತ್ತಿದ್ದರಂತೆ.

"ಈಗ ಎಲ್ಲಿದ್ದಾಳೆ ಟೀಚರ್ ಅವಳು?" ಎಂದು ಒಂದು ಭಾನುವಾರ ಸುಮ್ಮನೆ ಕೇಳಿಬಿಟ್ಟೆ.

ಎಂದೂ ಕೂರದ ಟೀಚರ್ ದಂಡೆಯ ಬೆಂಚಿನ ಮೇಲೆ ಕೂತರು.

"ನಮ್ಮ ಪಾಸ್‌ಪೋರ್ಟ್ ಇದ್ದವರನ್ನು ಕರಕೊಂಡು ಹೋಗಲಿಕ್ಕೆ ಬಸ್ ಬಂತು. ಅವಳು ಗೇಟಿನ ಹತ್ತಿರ ನಿಂತು, ಹೋಗ್ತಿದ್ದೀರಾ ಅಂತ ಕೇಳಿದಳು. ಹೊರಡುವಾಗ 'ಹೋಗ್ತೇನೆ' ಅಂತ ಹೇಳುವ ಕ್ರಮ ನಮ್ಮಲ್ಲಿ ಉಂಟಾ? ಬಾಯಿಗೆ ನಮ್ಮ ರೂಢಿಯದ್ದೇ ಬಂತು. 'ಬರ್ತೇನೆ' ಅಂತ ಅವಳ ಭಾಷೆಯಲ್ಲೇ ಹೇಳಿದೆ. ಅಷ್ಟು ಸಾಲದು ಅಂತ ಮನೆ ಬೀಗದ ಕೈಯನ್ನೂ ಕೊಟ್ಟೆ. ಇನ್ನು ಬರುದಿಲ್ಲ ಅಂತ ನನಗೆ ಸರೀ ಗೊತ್ತಿತ್ತು."

ಬೀದಿಯವರೆಲ್ಲ ಊರು ಬಿಟ್ಟರೂ ಅವಳೊಬ್ಬಳು ಬಿಡಲಿಲ್ಲವಂತೆ. ಯಾರು ಕೇಳಿದರೂ 'ಟೀಚರ್ ಬರ್ತಾರೆ' ಎನ್ನುತ್ತಿದ್ದಳೆಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದ್ದರು. ಆಮೇಲೆ ಸುದ್ದಿಯೇ ಇರಲಿಲ್ಲ.

"ನನ್ನ ಒಂದು ಸುಳ್ಳು ನಂಬಿ ಗುಂಡಿನ ನಡುವೆ ಕೂತಳಲ್ಲ! ನಾಚಿಕೆ ಆಗ್ತದೆ ಮಾರಾಯ್ತಿ. ಅನ್ನ ಗಂಟಲಲ್ಲಿ ಇಳಿಯುದಿಲ್ಲ."

"ನಿಮ್ಮ ತಪ್ಪೇನಿದೆ, ಬಿಡಿ ಟೀಚರ್" ಎಂದೆ.

"ಹಾಗೆ ಹೇಳ್ಬೇಡ" ಎಂದು ಗದರಿದರು. ಶಾಲೆಯ ಮಕ್ಕಳನ್ನು ಹೀಗೇ ಗದರುತ್ತಿದ್ದಿರಬೇಕು.

ನನಗೆ ಸುಮ್ಮನಿರಲು ಎಲ್ಲಿ ಬರುತ್ತದೆ? ಆ ಸಹೋದ್ಯೋಗಿಯನ್ನು ಹಿಡಿದು, ಅವರಿವರ ಮೂಲಕ ನನ್ನ ನಂಬರನ್ನು ಚಹಾದವಳಿಗೆ ಮುಟ್ಟಿಸಲು ಹೇಳಿದೆ. ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಟೀಚರ್ ನನ್ನ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಾಗ ಫೋನ್ ಬಂತು. ಅವಳೇ!

"ಟೀಚರ್, ಬದುಕಿದ್ದಾಳೆ!" ಎಂದು ಫೋನನ್ನು ಅಂಗೈಯಿಂದ ಮುಚ್ಚಿಕೊಂಡೇ ಕಿರುಚಿ, ಅದನ್ನು ಚಾಚಿದೆ. ಅವರು ಕೈಯಲ್ಲಿ ಸೊಪ್ಪು ಹಿಡಿದೇ ಗೋಡೆಯತ್ತ ಸರಿದರು. ಕಣ್ಣಲ್ಲಿ ನೀರು ಧಾರಾಕಾರ.

"ದೇವರು ದೊಡ್ಡವನು" ಎಂದರು. ಮರುಕ್ಷಣವೇ, "ನಾನಿಲ್ಲ ಅನ್ನು."

"ಟೀಚರ್!"

"ಮಾತಾಡಲಿಕ್ಕೆ ಮುಖ ಇಲ್ಲ ನನಗೆ. ಇಲ್ಲ ಅನ್ನು, ನಿನ್ನ ದಮ್ಮಯ್ಯ."

"ಟೀಚರ್ ವಾಕಿಂಗ್ ಹೋಗಿದ್ದಾರೆ" ಎಂದೆ.

ಆ ಕಡೆ ನಗು. "ಗೊತ್ತು, ಅವರು ಕೂರುವವರಲ್ಲ. ಅವರಿಗೆ ಒಂದು ಮಾತು ಹೇಳಬೇಕು. ಮತ್ತೆ ಮಾಡುತ್ತೇನೆ."

ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಟೀಚರ್ ಪ್ರತಿ ಸಲವೂ ಕೈಯಾಡಿಸುವರು, ನಾನು ಅದೇ ಸುಳ್ಳನ್ನು ಒಪ್ಪಿಸುವೆ. ಆ ಒಂದು ಮಾತು ಏನೆಂದು ಕೇಳುವಷ್ಟು ಬುದ್ಧಿ ನನಗೆ ಬರಲಿಲ್ಲ. ಬೈಗುಳವೇ ಇರಬೇಕೆಂದು ನಾನೂ ಹೆದರಿದ್ದೆ. ಹಿರಿಯರ ಮಾತು ನಡೆಸಿಕೊಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ ಕೂಡ.

ಆ ಚಳಿಗಾಲ ಟೀಚರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಹಾಸಿಗೆಯಲ್ಲೂ, "ಅವಳು ಉಂಡಳೋ ಇಲ್ಲವೋ" ಎಂದು ಕನವರಿಸುತ್ತಿದ್ದರು. ವಾರ ತುಂಬುವುದರೊಳಗೆ ಹೋಗಿಬಿಟ್ಟರು.

ಮುಂದಿನ ಸಲ ಫೋನ್ ಬಂದಾಗ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಟೀಚರ್ ತೀರಿಕೊಂಡರು ಎಂದೆ. ನಿಮ್ಮನ್ನು ಅಲ್ಲಿ ಕಾಯಿಸಿದೆನೆಂದು ಕೊರಗುತ್ತಿದ್ದರು ಎಂದೂ ಹೇಳಿದೆ. ಅವಳು ತುಂಬಾ ಹೊತ್ತು ಅತ್ತಳು.

ಆಮೇಲೆ ತನ್ನ ಮುರುಕು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದಳು: "ನಾನು ಯಾರನ್ನೂ ಕಾಯಲಿಲ್ಲ. ಅವರು ಬರುವುದಿಲ್ಲ ಅಂತ ಗೇಟಿನಲ್ಲೇ ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುವುದಿಲ್ಲವೇ? ನನಗೆ ಹೋಗಲು ಬೇರೆ ಜಾಗ ಇರಲಿಲ್ಲ. ನನ್ನ ಗುಡಿಸಲು ಸುಟ್ಟುಹೋಯಿತು. ಅವರ ಮನೆಯ ಗೋಡೆ ಗಟ್ಟಿ. ನಾನೂ ಅಕ್ಕನ ಮಕ್ಕಳೂ ಅಲ್ಲೇ ಉಳಿದುಕೊಂಡೆವು. ಬೇರೆಯವರು ಮನೆಗೆ ನುಗ್ಗದಿರಲಿ ಅಂತ 'ಟೀಚರ್ ಬರುತ್ತಾರೆ' ಎನ್ನುತ್ತಿದ್ದೆ. 'ನೀವು ಬೀಗದ ಕೈ ಕೊಟ್ಟದ್ದರಿಂದ ನಾವು ಬದುಕಿದೆವು' ಅಂತ ಅವರಿಗೆ ಹೇಳಬೇಕಿತ್ತು. ಅಷ್ಟಕ್ಕೇ ಫೋನ್ ಮಾಡುತ್ತಿದ್ದೆ."

ಅಷ್ಟೂ ಸಲ ಟೀಚರ್ ನನ್ನಿಂದ ಒಂದು ಮಾರು ದೂರದಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದರು. ಸ್ಪೀಕರ್ ಗುಂಡಿಯೊಂದನ್ನು ಒತ್ತಿದ್ದರೆ ಸಾಕಿತ್ತು. ನಾನು ಒತ್ತಲಿಲ್ಲ.