ಚಾಕು ಅಕ್ಕನ ಪಾಲಕ್

ಮಹಡಿ ಮನೆಗೆ ಬಾಡಿಗೆಗೆ ಬರುವವಳ ಸುದ್ದಿಯನ್ನು ಕೆಳಗಿನ ಮನೆಯ ಹೊಲಿಗೆಯವಳ ಕಿವಿಗೆ ಮೊದಲು ಹಾಕಿದವಳು ಮನೆ ಮಾಲೀಕನ ಹೆಂಡತಿ. "ಆಸ್ಪತ್ರೆ ಅಡುಗೆಮನೇಲಿ ಮೂವತ್ತು ವರ್ಷ ತರಕಾರಿ ಹೆಚ್ಚಿದವಳಂತೆ. ಚಾಕು ಅಕ್ಕ ಅಂತಾರಂತೆ. ಹಾಸಿಗೆ ಒಂದು, ಕುಂಡ ಒಂದು ಗಾಡಿ! ನಿನ್ನ ತಲೆ ಮೇಲೆ ನೀರು ಸೋರಿದ್ರೆ ನನ್ನ ಕೇಳಬೇಡ."

ನೀರು ಸೋರಲಿಲ್ಲ, ಎಳೆದಾಟದ ಸದ್ದು ಮಾತ್ರ ನಿಲ್ಲಲಿಲ್ಲ. ಬಿಸಿಲು ಸರಿದಂತೆಲ್ಲ ಚಾಕು ಅಕ್ಕ ಕುಂಡಗಳನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆಯುವಳು. ಕೂತಲ್ಲಿ ಕೂರುವ ಜೀವವಲ್ಲ. ಕುಂಡಗಳಲ್ಲಿ ಪಾಲಕ್ ಅಂಗೈಯಗಲ ಬೆಳೆದು ನಿಂತಿದ್ದರೂ ಒಂದೆಲೆ ಕಿತ್ತವಳಲ್ಲ.

ಮೈಯಲ್ಲಿ ರಕ್ತವೇ ಇಲ್ಲ, ಸೊಪ್ಪು ತಿನ್ನು ಎಂದು ಡಾಕ್ಟರು ಗದರಿದ ಮೇಲೆ ಅಂಗಡಿಯಿಂದ ಒಂದು ಕಂತೆ ತಂದಳು. ಕುಂಡಗಳಿಗೆ ಕಾಣದಿರಲಿ ಎಂದು ಕಿಟಕಿ ಮುಚ್ಚಿಕೊಂಡು ಹೆಚ್ಚಿದಳು. ಆದರೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

"ಮೂಟೆಗಟ್ಟಲೆ ಕೊಚ್ಚಿದವಳು ನೀನು!" ಹೊಲಿಗೆಯವಳು ರೇಗಿದಳು.

"ಅವು ನಂಗೆ ಯಾರೂ ಆಗಿರಲಿಲ್ಲ ಕಣೇ. ಈಗ ಅಂಗಡೀದೂ ಹೊರಗೆ ಕುಂಡದಲ್ಲಿರೋರ ನೆಂಟರ ಥರ ಕಾಣ್ತವೆ."

ಅಕ್ಕನ ಮುಖ ದಿನೇದಿನೇ ಬಿಳಿಚುತ್ತ ಬಂತು. ಹೊಲಿಗೆಯವಳಿಗೆ ಮೆಷಿನ್ ಮುಂದೆ ಕೂತರೂ ಮನಸ್ಸು ನಿಲ್ಲದು. ಒಂದೇ ತೋಳನ್ನು ಎರಡು ಸಲ ಉಲ್ಟಾ ಹೊಲಿದು ಬಿಚ್ಚಿದಳು. ಕೊನೆಗೆ ಅಕ್ಕ ಮಾತ್ರೆ ತರಲು ಹೋದ ಹೊತ್ತು ನೋಡಿ, ಒಂದು ಕುಂಡದ ಪಾಲಕ್ಕನ್ನೆಲ್ಲ ಕೊಯ್ದು, ನುಣ್ಣಗೆ ಬೇಯಿಸಿ ಬಡಿಸಿದಳು.

"ಚೆನ್ನಾಗಿದೆ. ಏನಿದು?"

"ಹೆಸರುಕಾಳು ಅರೆದದ್ದು."

ಅಕ್ಕ ತಟ್ಟೆ ಬಳಿದು ತಿಂದು ಮೇಲೆ ಹೋದಳು. ಮರುಕ್ಷಣವೇ ಬೋಳು ಕುಂಡ ಕಂಡು ದಡದಡ ಇಳಿದು ಬಂದಳು. "ನನ್ನ ಕೈಯಿಂದಲೇ ಅವನ್ನ ತಿನ್ನಿಸಿದೆಯಲ್ಲೇ, ಪಾಪಿ!"

ಅಂದಿನಿಂದ ಮಾತು ಬಂದ್. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕುಂಡ ಎಳೆಯುವ ಸದ್ದೂ ಕೇಳಲಿಲ್ಲ. ಮೆಟ್ಟಿಲು ಹತ್ತಿ ಓಡಿದ ಹೊಲಿಗೆಯವಳಿಗೆ ಅಕ್ಕ ಕುಂಡಗಳ ನಡುವೆ ಕುಸಿದು ಕೂತಿದ್ದು ಕಂಡಿತು.

ಅವಳೇ ದುಡಿದ ಆಸ್ಪತ್ರೆಗೆ ಸೇರಿಸಿದರು. ಬಾಟಲಿಯಿಂದ ಅಕ್ಕನ ಕೈಗೆ ರಕ್ತ ಹನಿಯುತ್ತಿತ್ತು. ಊಟ ಬಂತು. ಅಕ್ಕ ಚಮಚದಲ್ಲಿ ಸೊಪ್ಪು ಕೆದಕಿ ಬಾಯಿಗಿಟ್ಟು ಮುಖ ಸಿಂಡರಿಸಿದಳು. "ಮಣ್ಣು! ನಾನಿದ್ದಿದ್ರೆ ಆ ಅಡುಗೆಯವನ ಕೈ ಮುರೀತಿದ್ದೆ."

"ನನ್ನ ಮೇಲೆ ಇನ್ನೂ ಕೋಪಾನಾ ಅಕ್ಕ?"

ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೀನು ಕೊಯ್ದಿದ್ದು ಚಿಗುರಿದೆ. ನೋಡೋಕೆ ಹೋದಾಗಲೇ ತಲೆ ತಿರುಗಿದ್ದು," ಎಂದಳು. ಆಮೇಲೆ ಹೊಲಿಗೆಯವಳ ಸೆರಗು ಹಿಡಿದೆಳೆದಳು. ಕೇಳಿದ್ದು ಇಷ್ಟೇ: "ನಾಳೆ ಬಾಗಿಲ ಪಕ್ಕದ ಕುಂಡದ್ದು ಬೇಯಿಸಿ ತಾ. ಬಲಿತಿದೆ. ಬೇರು ಮಾತ್ರ ಅಲ್ಲಾಡಿಸಬೇಡ."