ಎರಡು ಸಲ ಕೇಳುವ ದುಭಾಷಿ

ಕೆಲಸಕ್ಕೆ ಕರೆಯುವ ಭೋಂಗಾ ಕೂಗುವ ಮೊದಲೇ ಲಗಮಪ್ಪ ಗಿರಣಿಯ ಬಾಗಿಲಲ್ಲಿದ್ದಾನೆ. ರುಮಾಲು ಬಿಚ್ಚುತ್ತಾನೆ, ಸುತ್ತುತ್ತಾನೆ, ಮತ್ತೆ ಬಿಚ್ಚುತ್ತಾನೆ. ಗೋಕಾಕ ಸೀಮೆಯ ಈ ನೂಲಿನ ಗಿರಣಿಯಲ್ಲಿ ಅವನು ದುಭಾಷಿ. ಇಂಗ್ಲಿಷ್ ಸಾಹೇಬ ಹೇಳಿದ್ದನ್ನು ಯಂತ್ರಗಳ ಗದ್ದಲ ಮೀರಿ ಕನ್ನಡದಲ್ಲಿ ಕೂಗಿ ಹೇಳುವುದು ಅವನ ಕೆಲಸ. ಇಂದು ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇನ್ನೊಮ್ಮೆ ಎದುರು ಪ್ರಶ್ನೆ ಕೇಳಿದರೆ ಮನೆಗೆ ಕಳಿಸುತ್ತೇನೆಂದು ಹೊಸ ಸಾಹೇಬ ನಿನ್ನೆ ಗುಡುಗಿದ್ದಾನೆ. ಕೇಳದೆ ಕೆಲಸ ಮಾಡುವುದು ಲಗಮಪ್ಪನಿಗೆ ಗೊತ್ತೇ ಇಲ್ಲ!

ಮಸಗುಪ್ಪಿಯ ಈತ ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಲ್ಲ, ಸಾಹೇಬರೊಬ್ಬರ ಬಂಗಲೆಯ ಚಾಕರಿಯಲ್ಲಿ. ಅಲ್ಲಿ 'ಟೇಕ್ ಆಫ್' ಎಂದರೆ ಬೂಟು ಬಿಚ್ಚುವುದು, ಮುಗಿಯಿತು. ಗಿರಣಿಗೆ ಸೇರಿದ ಮೊದಲ ದಿನ ಸಾಹೇಬ ಯಂತ್ರ ನೋಡುತ್ತ 'ಟೇಕ್ ಆಫ್' ಎಂದಾಗ ಈ ಪುಣ್ಯಾತ್ಮ ನೆಲಕ್ಕೆ ಕೂತು ಅವನ ಬೂಟಿನ ಲಾಡಿಗೇ ಕೈ ಹಾಕಿದ. ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಂತ್ರದ ಪಟ್ಟಾ ಕಳಚೂದಕ್ಕೂ ಅದ ಮಾತು, ನೂಲು ತುಂಬಿದ ಕಂಡಿಕಿ ತಗಿಯೂದಕ್ಕೂ ಅದ ಮಾತು. ಪಗಾರದಾಗ ಮುರಕೊಳ್ಳೂದಕ್ಕೂ ಅದ, ಹಾಜರಿಯಿಂದ ಹೆಸರ ತಗದ ಹಾಕೂದಕ್ಕೂ ಅದ. ಸಾಹೇಬ ಬೆಳಗಾವಿಗೆ ಹೊಂಟ್ರೂ ಅದರಿ! ಒಂದ ಮಾತಿಗೆ ಎಷ್ಟ ಕೆಲಸ ಹಚ್ಚತಾರೋ ಏನೋ," ಎಂದು ಹಣೆ ಚಚ್ಚಿಕೊಳ್ಳುತ್ತಾನೆ.

ಅಂದಿನಿಂದ ಅವನದೊಂದು ನೇಮ. ಸಾಹೇಬ ಎಷ್ಟೇ ಬಿಡಿಸಿ ಹೇಳಲಿ, "ಒನ್ಸ್ ಮೋರ್, ಸಾಹೇಬ್" ಎಂದು ಕೇಳಿ, ಎರಡನೇ ಸಲ ಹೇಳಿಸಿಕೊಂಡ ಮೇಲೆಯೇ ಕೂಲಿಯವರಿಗೆ ತಿಳಿಸುತ್ತಾನೆ. ಹಳೆಯ ಸಾಹೇಬರು ಒಗ್ಗಿಕೊಂಡಿದ್ದರು. ಈ ಹೊಸಬನಿಗೆ ಮೈಯೆಲ್ಲ ಉರಿ.

ಹೊತ್ತು ಏರುವಷ್ಟರಲ್ಲಿ ರಂಪ ಎದ್ದೇಬಿಡುತ್ತದೆ. ನಿನ್ನೆ ಅಮಾವಾಸ್ಯೆ. ನೂಲು ತೆಗೆಯುವ ರಾಮವ್ವ ತನ್ನ ಯಂತ್ರಕ್ಕೆ ಭಕ್ತಿಯಿಂದ ಕುಂಕುಮ ಹಚ್ಚಿದ್ದಾಳೆ. ಅದು ಎಣ್ಣೆಯಲ್ಲಿ ಕಲೆತು ಬಿಳಿ ನೂಲಿಗೆಲ್ಲ ಮೆತ್ತಿದೆ. ಸಾಹೇಬ ಹಾಜರಿಯವನನ್ನು ಕರೆದು, ನೇರ ರಾಮವ್ವನತ್ತಲೇ ಬೆರಳು ಚಾಚಿ, "ಟೇಕ್ ಹರ್ ಆಫ್!" ಎಂದು ಅರಚುತ್ತಾನೆ. ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ, ಅವಳ ಕೆಲಸ ಹೋಯಿತು. ಅಯ್ಯೋ, ಅವಳಿಗಿನ್ನೂ ಅದು ಗೊತ್ತಿಲ್ಲ. ಲಗಮಪ್ಪನ ಬಾಯನ್ನೇ ನೋಡುತ್ತಿದ್ದಾಳೆ.

ಲಗಮಪ್ಪ ಸಾಹೇಬನತ್ತ ತಿರುಗುತ್ತಾನೆ. ಕೇಳಿದರೆ ತನ್ನ ಅನ್ನ ಹೋಗುತ್ತದೆ, ಕೇಳದಿದ್ದರೆ ಅವಳದು.

"ಒನ್ಸ್ ಮೋರ್, ಸಾಹೇಬ್."

ಸಾಹೇಬ ಬಾಯಿ ತೆರೆಯುತ್ತಾನೆ. ಎದುರಿಗೆ ರಾಮವ್ವ ಗಾಬರಿಯಲ್ಲಿ ಸೆರಗಿನಿಂದಲೇ ಯಂತ್ರ ಒರೆಸತೊಡಗಿದ್ದಾಳೆ. ಅದೇ ಮಾತು ಎರಡನೇ ಸಲ ಅವನ ಬಾಯಿಂದ ಹೊರಡುವುದಿಲ್ಲ. ಸ್ವಚ್ಛ ಮಾಡಲು ಹೇಳು ಎಂದು ಇಂಗ್ಲಿಷಿನಲ್ಲಿ ಗೊಣಗಿ, ಲಗಮಪ್ಪನಿಗೆ ಕಚೇರಿಗೆ ಬರಲು ಸನ್ನೆ ಮಾಡಿ ದಡದಡನೆ ನಡೆದುಬಿಡುತ್ತಾನೆ.

ಕಚೇರಿಯ ಹೊರಗಿನ ಬಾಕಿನ ಮೇಲೆ ಲಗಮಪ್ಪ ಕೂರುತ್ತಾನೆ, ಏಳುತ್ತಾನೆ. ಒಳಗಿನಿಂದ ಕರೆ ಇನ್ನೂ ಬಂದಿಲ್ಲ. ಸಾಹೇಬರ ಮಾತು ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಿದರೆ ಸಿಡುಕುತ್ತಾನೆ.

"ತಿಳೀದ ಏನ್ರಿ? ಚೊಲೋತಂಗ ತಿಳದಿತ್ತು. ಸಿಟ್ಟಿನ್ಯಾಗ ಆಡಿದ್ದು ಮತ್ತೊಮ್ಮೆ ಆಡಾಕ ಎದಿ ಬೇಕ್ರಿ. ಈಗ ನನ್ನ ಹೆಸರ ತಗದ ಹಾಕತಾರೋ ಏನೋ, ಹಾಕ್ಲಿ. ರಾಮವ್ವ ನನ್ನ ಬಾಯಿಂದ ಕೇಳಿದ್ದು ಇಷ್ಟ: 'ಯವ್ವಾ, ಯಂತ್ರ ಒರಸು.'"