ಸಾಬವ್ವ ಕೊರೆದ ಗೀರು

ಗಂಡ ಸತ್ತ ಮೂರನೇ ತಿಂಗಳಿಗೆ ಸಾಬವ್ವ ಅವನ ಮಷೀನಿನ ಮುಂದೆ ನಿಂತಳು. ಅದು ಎಂಬತ್ನಾಲ್ಕನೇ ಇಸವಿ. ಮುಂಬೈ ಹತ್ತಿರದ ಮಹಾಪೆಯಲ್ಲಿ ಕಲ್ಲು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬು. ಅಮೃತಪ್ಪ ಅಲ್ಲಿ ಒಂಬತ್ತು ವರ್ಷ ಕಲ್ಲು ಕೊರೆದ. ಆ ಧೂಳೇ ಎದೆಯಲ್ಲಿ ಕೂತು ಅವನನ್ನು ಒಯ್ದಿತು. ಅವನ ಕೆಲಸ ಹೆಂಡತಿಗೆ ಕೊಟ್ಟರು. ವಿಜಾಪುರದ ಕಡೆಯ ಕಲ್ಲುಗಣಿಯಲ್ಲಿ ಬೆಳೆದವಳು. ಅಕ್ಷರ ಬಾರದು, ಅಂಕಿ ಬರುತ್ತಿತ್ತು.

ಗುಡ್ಡದಿಂದ ತಂದ ಕರಿಕಲ್ಲನ್ನು ಗೇಣುದ್ದದ ಪಟ್ಟಿ ಮಾಡಿ ನಡುವೆ ಒಂದು ಗೀರು ಕೊರೆಯಬೇಕು. ಗೀರು ಕೆಳಗೆ ಬರುವಂತೆ ಪಟ್ಟಿಯನ್ನು ಎರಡು ಉರುಳೆಗಳ ಮೇಲಿಟ್ಟು ಮೇಲಿನಿಂದ ಒತ್ತುತ್ತಾರೆ. ಎಷ್ಟು ಭಾರಕ್ಕೆ ಮುರಿಯಿತೋ ಆ ಅಂಕಿ ರಿಜಿಸ್ಟರಿಗೆ ಹೋಗುತ್ತದೆ. ಅದನ್ನು ನೋಡಿಯೇ ಗುಡ್ಡದಡಿ ಎಷ್ಟು ಅಗೆಯಬಹುದೆಂದು ಗಣಿಯವರು ತೀರ್ಮಾನಿಸುತ್ತಾರೆ.

ಎರಡನೇ ವಾರ ಲ್ಯಾಬಿನ ಸಾಹೇಬ, ಮಂಗಳೂರಿನ ಕಮಲಾಕ್ಷ, ರಿಜಿಸ್ಟರು ಹಿಡಿದು ಬಂದ.

“ಎಂತ ಮಾರಾಯ್ತಿ, ನಿನ್ನ ಕಲ್ಲು ಹಪ್ಪಳದ ಹಾಗೆ ಮುರೀತದಲ್ಲ? ಅದೇ ಗುಡ್ಡದ್ದು ಅಮೃತಪ್ಪ ಕೊರೆದಾಗ ಗಟ್ಟಿ ಇತ್ತು. ಇದು ಹೆಂಗಸರ ಕೈಯಲ್ಲಿ ಆಗುವುದಿಲ್ಲ. ನಾಳೆಯಿಂದ ಬರಬೇಡ.”

“ಕೈ ಬೈಬ್ಯಾಡ್ರಿ ಸಾಹೇಬ್ರ. ಚಕ್ರಾ ನೋಡ್ರಿ.”

ಅಮೃತಪ್ಪನ ಕೊರೆಯುವ ಚಕ್ರ ನಾಲ್ಕು ಮಿಲಿಮೀಟರ್ ದಪ್ಪ. ಅಂಚು ಸವೆದಿತ್ತೆಂದು ಸಾಬವ್ವ ಅದನ್ನು ತೆಗೆದಿಟ್ಟು, ಸ್ಟೋರಿನಲ್ಲಿದ್ದ ಒಂದು ಮಿಲಿಮೀಟರಿನದು ಹಾಕಿದ್ದಳು. ದಪ್ಪ ಚಕ್ರದ ಗೀರಿನ ತಳ ಪೆನ್ಸಿಲ್ಲಿನ ಮೊಂಡು ತುದಿಯಂತೆ ದುಂಡಗಿತ್ತು. ತೆಳುವಿನದು ಚೂಪಾಗಿತ್ತು.

“ಒಂದ ಕಲ್ಲಿನಾಗ ಆರು ಪಟ್ಟಿ ಮಾಡ್ತೀನಿ. ಮೂರಕ್ಕ ಅವನ ಚಕ್ರಾ, ಮೂರಕ್ಕ ನಂದು. ಗೀರಿನ ಆಳ ಎಲ್ಲಾದಕ್ಕೂ ಒಂದ. ಮುರಿಯಾವ್ರು ನೀವ.”

ಕಮಲಾಕ್ಷನೇ ಮುರಿದ. ತೆಳು ಗೀರಿನ ಮೂರೂ ಕಡಿಮೆ ಭಾರಕ್ಕೇ ಹೋದವು. ದಪ್ಪ ಗೀರಿನ ಮೂರೂ ಹೆಚ್ಚು ಭಾರ ತಡೆದವು. ಅವನು ಕನ್ನಡಕ ಒರೆಸಿಕೊಂಡ.

“ಹಾಗಾದ್ರೆ ಅಮೃತಪ್ಪ ಒಂಬತ್ತು ವರ್ಷ ತಪ್ಪು ಕೊರೆದದ್ದಾ?”

ಸಾಬವ್ವನಿಗೆ ಕೆಲಸ ಉಳಿಸಿಕೊಳ್ಳಲು ಹೋಗಿ ಸತ್ತವನ ಹೆಸರು ಕೆಡಿಸಿದ ಹಾಗಾಯಿತು.

“ತಪ್ಪ ಕೊರದಿಲ್ರೀ. ದಾರಾ ಹಿಡದಂಗ ನೆಟ್ಟಗ ಕೊರದಾನ. ಆ ದಪ್ಪ ಚಕ್ರಾ ತಂದು ಕೊಟ್ಟವ್ರು ಯಾರು?”

ಸಾಹೇಬ ದನಿ ತಗ್ಗಿಸಿದ. “ಆಯ್ತು, ಕೆಲಸಕ್ಕೆ ಬಾ. ಆದರೆ ದಪ್ಪದ್ದೇ ಹಾಕು. ಹಳೇ ನಂಬರಿಗೆ ತಾಳೆ ಆಗಬೇಕಲ್ಲ.”

“ಹಾಕಂಗಿಲ್ಲ. ಗುಡ್ಡದಾಗ ಬಿರುಕು ಕೂದಲಿನಂಗ ಇರ್ತೈತಿ. ಅದನ್ನೇನ್ ನಿಮ್ಮ ಚಕ್ರಾ ಕೊರದೈತೇನ್ರಿ? ಕಲ್ಲು ಗಟ್ಟಿ ಅಂತ ನಂಬಿ ಕೆಳಗ ನಿಲ್ಲಾವ್ರು ನಮ್ಮ ಮಂದಿ.”

ಸಾಬವ್ವ ರಿಜಿಸ್ಟರನ್ನು ಅವನ ಮುಂದೆ ಸರಿಸಿದಳು.

“ಪ್ರತಿ ಅಂಕಿ ಮುಂದ ಚಕ್ರದ ದಪ್ಪ ಬರೀರಿ. ಅವನ ಮೊದಲ್ನೇ ಹಾಳಿಯಿಂದ ಬರೀರಿ. ಅಲ್ಲೀತನಕ ನಾ ಮಷೀನ್ ಮುಟ್ಟಂಗಿಲ್ಲ.”

ಕಮಲಾಕ್ಷ ಗೊಣಗಿಕೊಂಡೇ ಪೆನ್ನು ತೆಗೆದ. ನಾಲ್ಕು, ನಾಲ್ಕು, ನಾಲ್ಕು. ಅವಳ ಮನೆಯಿದ್ದ ಕೋಪರಿಗೆ ಹೋಗುವ ಸಂಜೆಯ ಬಸ್ಸು ಹೋಯಿತು. ಸಾಬವ್ವ ಕದಲಲಿಲ್ಲ. ಐದನೇ ಹಾಳೆಯಲ್ಲಿ ಅವನೊಂದು ಸಾಲು ಹಾರಿಸಿದ. ಅವಳು ಅಲ್ಲಿ ಬೆರಳಿಟ್ಟಳು.

“ಇಲ್ಲಿ ಬಿಟ್ರಿ.”